ದೇವರನ್ನು ನಂಬದ ನಾನು ಯಾವುದನ್ನು ನೆಚ್ಚಿಕೊಂಡಿದ್ದೇನೆ?

ಉಡುಪಿಯ ರಥಬೀದಿಯಿಂದ ಕೂಗಳತೆಯ ದೂರದಲ್ಲಿ ಹುಟ್ಟಿ ಬೆಳೆದವನು ಮಂಗಳಾರತಿಯ ಹೊತ್ತಿಗೆ ಕೈಮುಗಿಯದೆ ಬದಿಯಲ್ಲಿ ನಿಂತರೆ ಯಾರಾದರೊಬ್ಬರು ಕಾರಣ ಕೇಳಿಯೇ ಕೇಳುತ್ತಾರೆ. ಮದುವೆಯೂಟದ ಪಂಕ್ತಿಯಲ್ಲಿ, ಸಿಟಿ ಬಸ್ಸಿನಲ್ಲಿ, ಕೆಲವೊಮ್ಮೆ ಸಾವಿನ ಮನೆಯ ಅಂಗಳದಲ್ಲಿಯೂ ನನಗೆ ಎದುರಾದ ಪ್ರಶ್ನೆ ಒಂದೇ: "ದೇವರನ್ನು ನಂಬದಿದ್ದರೆ ಕಷ್ಟ ಬಂದಾಗ ಯಾವುದನ್ನು ನೆಚ್ಚಿಕೊಳ್ಳುತ್ತೀರಿ?" ಹೆಚ್ಚಿನವರು ಇದನ್ನು ನನ್ನ ಮೇಲಿನ ಅಕ್ಕರೆಯಿಂದಲೇ ಕೇಳುತ್ತಾರೆ. ಅಸ್ತಿತ್ವವಾದವನ್ನು ಮತ್ತು ಕರುಣೆಯನ್ನು ಎಂದು ಚುಟುಕಾಗಿ ಹೇಳಿದರೆ ಅದು ಬಾಯಿಪಾಠದಂತೆ ಕೇಳಿಸುತ್ತದೆಯಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1945ರ ಅಕ್ಟೋಬರ್‌ನಲ್ಲಿ ಫ್ರೆಂಚ್ ದಾರ್ಶನಿಕ ಜಾನ್ ಪಾಲ್ ಸಾರ್ತ್ರೆ ಪ್ಯಾರಿಸ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಯುದ್ಧಕಾಲದಲ್ಲಿ ತಮ್ಮ ಬಳಿ ಸಲಹೆ ಕೇಳಲು ಬಂದಿದ್ದ ವಿದ್ಯಾರ್ಥಿಯೊಬ್ಬನ ಪ್ರಸಂಗವನ್ನು ಅದರಲ್ಲಿ ಅವರು ವಿವರಿಸುತ್ತಾರೆ. ಅವನ ಅಣ್ಣ 1940ರ ಜರ್ಮನ್ ದಾಳಿಯಲ್ಲಿ ಸತ್ತಿದ್ದ; ತಾಯಿಗೆ ಉಳಿದಿದ್ದ ಆಸರೆ ಇವನೊಬ್ಬನೇ. ದೇಶ ಬಿಟ್ಟು ಹೋಗಿ, ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಸ್ವತಂತ್ರ ಫ್ರಾನ್ಸಿನ ಪಡೆಯನ್ನು ಸೇರಬೇಕೋ, ತಾಯಿಯ ಬಳಿ ಉಳಿಯಬೇಕೋ ಎಂಬುದು ಅವನ ಇಕ್ಕಟ್ಟು. ಯಾವ ಧರ್ಮಗ್ರಂಥವೂ, ಯಾವ ನೀತಿಸೂತ್ರವೂ ಅವನ ಪರವಾಗಿ ಇದನ್ನು ನಿರ್ಧರಿಸಲಾರದು, ನೀನು ಸ್ವತಂತ್ರ, ಆಯ್ದುಕೋ ಎಂದಷ್ಟೇ ಸಾರ್ತ್ರೆ ಹೇಳಿದರು. ಮನುಷ್ಯ ಮೊದಲು ಇರುತ್ತಾನೆ, ಆಮೇಲೆ ತನ್ನ ಆಯ್ಕೆಗಳಿಂದ ತಾನು ಏನೋ ಆಗುತ್ತಾನೆ ಎಂಬ ಅವರ ಅಸ್ತಿತ್ವವಾದಕ್ಕೆ ಈ ಪ್ರಸಂಗ ಒಂದು ನಿದರ್ಶನ.

ಕಾಲೇಜಿನಲ್ಲಿ ಇದನ್ನು ಓದಿದಾಗ ಅದು ದೂರದೇಶದ ಕತೆಯಾಗಿತ್ತು. ಹಲವು ವರ್ಷಗಳ ಬಳಿಕ, ಮಸ್ಕತ್‌ನ ಕೆಲಸಕ್ಕೆ ವೀಸಾ ಕೈಗೆ ಬಂದಿದ್ದ ವಾರದಲ್ಲಿಯೇ ಅಮ್ಮನಿಗೆ ಬಲಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಕರಾವಳಿಯ ಎಷ್ಟೋ ಮನೆಗಳು ಗಲ್ಫಿನ ದುಡಿಮೆಯಿಂದಲೇ ಎದ್ದು ನಿಂತಿವೆ. ಹೋಗಿ ದುಡಿದು ಹಣ ಕಳುಹಿಸಿ ತಾಯಿಯನ್ನು ಸಾಕಿದವರ ಪ್ರೀತಿ ಯಾವ ರೀತಿಯಲ್ಲಿಯೂ ಕಡಿಮೆಯದ್ದಲ್ಲ. ನಾನು ಉಳಿದೆ. ವಿಧಿ ನನ್ನನ್ನು ಕಟ್ಟಿಹಾಕಿತು ಎಂದು ಹೇಳಿಕೊಂಡಿದ್ದರೆ ಮುಂದೊಂದು ದಿನ ಆ ಕೋಪವನ್ನು ಅಮ್ಮನ ಮೇಲೆಯೇ ತೀರಿಸುತ್ತಿದ್ದೆನೇನೋ. ಇದು ನಾನೇ ಮಾಡಿದ ಆಯ್ಕೆ ಎಂಬ ಅರಿವು, ಅದರ ಭಾರವೆಲ್ಲ ನನ್ನದೇ ಆಗಿದ್ದರೂ, ಅಂಥ ಕಹಿಯಿಂದ ನನ್ನನ್ನು ಕಾಯಿತು.

ಆದರೆ ಕರುಣೆಯ ವಿಷಯದಲ್ಲಿ ನಾನು ತಪ್ಪಿದೆ. ಅಮ್ಮನಿಗೆ ಎಡಗೈಯಲ್ಲಿ ಉಣ್ಣುವ ಮುಜುಗರ ಬೇಡವೆಂದು ಕುಚ್ಚಲಕ್ಕಿ ಗಂಜಿಯನ್ನು ಮೂರು ಹೊತ್ತೂ ನಾನೇ ಚಮಚದಲ್ಲಿ ತಿನ್ನಿಸುತ್ತಿದ್ದೆ. ಯಾವಾಗ ಏಳಬೇಕು, ಯಾರನ್ನು ಮಾತನಾಡಿಸಬೇಕು ಎಂಬುದೆಲ್ಲವೂ ನನ್ನ ತೀರ್ಮಾನವಾಗಿತ್ತು. ಒಂದು ಮಧ್ಯಾಹ್ನ ಅವರು ತುಟಿ ಬಿಗಿದು ಕುಳಿತರು. ಎಷ್ಟು ಓಲೈಸಿದರೂ ಬಾಯಿ ತೆರೆಯಲಿಲ್ಲ. ಕೊನೆಗೆ ನನ್ನ ಕೈಯಿಂದ ಚಮಚವನ್ನು ಎಡಗೈಯಿಂದಲೇ ತೆಗೆದುಕೊಂಡು, ಅರ್ಧ ಗಂಜಿ ಸೀರೆಯ ಮೇಲೆ ಚೆಲ್ಲುತ್ತ, ಬಟ್ಟಲು ಖಾಲಿಯಾಗುವವರೆಗೆ ಉಂಡರು. ನನ್ನ ಸ್ವಾತಂತ್ರ್ಯದ ಬಗ್ಗೆ ಅಷ್ಟು ಓದಿಕೊಂಡಿದ್ದ ನಾನು ಎದುರಿಗೆ ಕುಳಿತವರಿಗೂ ಅದು ಇದೆಯೆಂಬುದನ್ನು ಮರೆತೇಬಿಟ್ಟಿದ್ದೆ.

ಆ ದಿನದಿಂದ ಕರುಣೆಯ ಬೇರು ಎಲ್ಲಿದೆ ಎಂಬುದನ್ನು ನಾನು ಹೊಸದಾಗಿ ಯೋಚಿಸತೊಡಗಿದೆ. 1840ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಜರ್ಮನಿಯ ದಾರ್ಶನಿಕ ಶೋಪೆನ್‌ಹಾವರ್ ನೀತಿಗೆಲ್ಲ ಕರುಣೆಯೇ ಆಧಾರವೆಂದು ವಾದಿಸಿ, ಅದಕ್ಕೆ ಬೆಂಬಲವಾಗಿ ಉಪನಿಷತ್ತಿನ 'ತತ್ತ್ವಮಸಿ', ಅದು ನೀನೇ, ಎಂಬ ವಾಕ್ಯವನ್ನು ಉಲ್ಲೇಖಿಸುತ್ತಾರೆ: ಇನ್ನೊಬ್ಬನೂ ನಾನೂ ಮೂಲದಲ್ಲಿ ಒಂದೇ ಆದುದರಿಂದ ಅವನ ನೋವು ನನಗೆ ತಟ್ಟುತ್ತದೆ. ಅದೇ ವಾಕ್ಯವನ್ನು ಉಡುಪಿಗೆ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 'ಅತತ್ತ್ವಮಸಿ', ನೀನು ಅದಲ್ಲ, ಎಂದು ಬಿಡಿಸಿದರು. ಅವರು ಹೇಳಿದ ಪಂಚಭೇದಗಳಲ್ಲಿ ಜೀವಕ್ಕೂ ಜೀವಕ್ಕೂ ಇರುವ ಭೇದವೂ ಒಂದು. ಅವರ ಸಿದ್ಧಾಂತದ ಕೇಂದ್ರದಲ್ಲಿರುವ ವಿಷ್ಣುವಿನ ಸರ್ವೋತ್ತಮತ್ವವನ್ನಾಗಲಿ, ಜೀವರ ನಡುವಿನ ತಾರತಮ್ಯವನ್ನಾಗಲಿ ನಾನು ಒಪ್ಪುವುದಿಲ್ಲ. ಆದರೂ ಬಾಲ್ಯದಿಂದ ಕಿವಿಗೆ ಬೀಳುತ್ತಿದ್ದ ಆ ಒಂದು ಮಾತು ಗಂಜಿಯ ಬಟ್ಟಲಿನ ಎದುರು ನನಗೆ ಅರ್ಥವಾಯಿತು. ಅಮ್ಮ ನಾನಲ್ಲ. ಅವರ ನೋವು ನನ್ನದೆಂದು ಭಾವಿಸಿದ ಕೂಡಲೇ ಅದಕ್ಕೆ ಮದ್ದನ್ನೂ ನಾನೇ ನಿರ್ಧರಿಸಿಬಿಡುತ್ತೇನೆ. ಅದು ಅವರದು, ನನಗೆ ಪೂರ್ತಿ ತಿಳಿಯಲಾರದ್ದು ಎಂದು ಒಪ್ಪಿಕೊಂಡಾಗ ಮಾತ್ರ ಕೇಳಿ ತಿಳಿದುಕೊಳ್ಳುವ ತಾಳ್ಮೆ ಬರುತ್ತದೆ. ತನ್ನ ಸ್ವಾತಂತ್ರ್ಯವನ್ನು ಬಯಸುವವನು ಇತರರ ಸ್ವಾತಂತ್ರ್ಯವನ್ನೂ ಬಯಸಲೇಬೇಕು ಎಂದು ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾ 1947ರಲ್ಲಿ ಬರೆದುದನ್ನು ನಾನು ನೆಚ್ಚಿಕೊಂಡದ್ದು ಹೀಗೆ.

ಇದರಿಂದ ಭಯ ದೂರವಾಗುತ್ತದೆಯೇ ಎಂದು ಕೇಳಿದರೆ, ಇಲ್ಲ. ಅಮ್ಮನ ಉಸಿರು ಏರಿಳಿಯುತ್ತಿದ್ದ ರಾತ್ರಿಗಳಲ್ಲಿ ಪ್ರಾರ್ಥಿಸಲು ನನಗೆ ಯಾರೂ ಇರಲಿಲ್ಲ. ಬೆಳಗಾಗುವವರೆಗೆ ಪಕ್ಕದಲ್ಲಿ ಎಚ್ಚರವಾಗಿರುವುದು ಮಾತ್ರ ನನ್ನ ಕೈಯಲ್ಲಿತ್ತು, ಅದನ್ನು ಮಾಡಿದೆ.

ಅಮ್ಮ ಕೊನೆಯವರೆಗೂ ಕೃಷ್ಣನನ್ನು ನಂಬಿದ್ದರು. ಏಳಲಾಗದ ಅವರ ಬದಲಿಗೆ ಮುಸ್ಸಂಜೆಯಲ್ಲಿ ದೇವರ ಮುಂದೆ ದೀಪ ಹಚ್ಚುವ ಕೆಲಸ ನನ್ನದಾಯಿತು. ನಾನು ನಂಬುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ನಂಬು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಬತ್ತಿ ಪೂರ್ವಕ್ಕೆ ತಿರುಗಿದೆಯೇ ಎಂದು ಮಾತ್ರ ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡುತ್ತಿದ್ದರು, ತಿರುಗಿರದಿದ್ದರೆ ನಾನು ಸರಿಪಡಿಸುತ್ತಿದ್ದೆ.