ಮಾವನ ಬ್ಯಾಟರಿ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತಾರೆ. ಇಂಡಿ ಹತ್ತಿರದ ಸೋದರಮಾವನ ಊರು ಅಂದರೆ ನನಗೆ ಮೊದಲು ನೆನಪಾಗುವುದೇ ಆ ಬ್ಯಾಟರಿ. ಬೇಸಿಗೆ ರಜೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಸಾಲಾಗಿ ಮಲಗಿರುತ್ತಿದ್ದೆವು, ನಡುರಾತ್ರಿ ಎರಡಕ್ಕೋ ಮೂರಕ್ಕೋ ಕೆಳಗೆ ಬಾಗಿಲು ಕಿರ್ ಅನ್ನುತ್ತಿತ್ತು, ಮಾವ ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಡುತ್ತಿದ್ದ. ಬೋರಿನ ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದೇ ಆ ಹೊತ್ತಿಗೆ. ಹಾವು, ಚೇಳು ಓಡಾಡುವುದೂ ಅದೇ ಹೊತ್ತಿಗೆ.

ಈ ಏಪ್ರಿಲ್‌ನಲ್ಲಿ, ಎಂಟು ವರ್ಷದ ಮೇಲೆ, ಆ ಊರಿಗೆ ಹೋಗಿ ಬಂದೆ.

ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಆಲಮಟ್ಟಿ ಬಂತು, ಅಲ್ಲಿ ಅಣೆಕಟ್ಟಿನ ನೀರಿನಿಂದ 290 ಮೆಗಾವ್ಯಾಟ್ ಕರೆಂಟ್ ತಯಾರಾಗುತ್ತದೆ. ಇನ್ನೂ ಸ್ವಲ್ಪ ಮುಂದೆ ಕೂಡಗಿ, ಕಲ್ಲಿದ್ದಲು ಸುಟ್ಟು 2,400 ಮೆಗಾವ್ಯಾಟ್. ಚಿಮಣಿ ಎಷ್ಟು ಎತ್ತರ ಅಂದರೆ ಬಹಳ ಹೊತ್ತು ರೈಲಿನ ಜೊತೆಗೇ ಬರುತ್ತಿವೆಯೇನೋ ಅನ್ನಿಸುತ್ತದೆ. ಇಷ್ಟೆಲ್ಲ ಕರೆಂಟ್ ಹುಟ್ಟುವ ಜಿಲ್ಲೆಯಲ್ಲೇ ನಮ್ಮ ಮಾವ ನಿದ್ದೆಗೆಟ್ಟು ಅದಕ್ಕೆ ಕಾದು ಕೂತಿದ್ದನಲ್ಲ ಅಂತ ನಗು ಬಂತು. ಸಿಟ್ಟೂ ಬಂತು.

ವಿಜಯಪುರದಲ್ಲಿ ಇಳಿದು ತಾಜ್ ಬಾವಡಿಗೆ ಹೋದೆ, ಸುಮ್ನೆ ಒಂದು ಗಂಟೆ. 1620ರಲ್ಲಿ ಕಟ್ಟಿಸಿದ ಬಾವಿ. ನಾನು ಸಣ್ಣವನಿದ್ದಾಗ ಅದರಲ್ಲಿ ಕಸ ತೇಲುತ್ತಿತ್ತು, ಆಮೇಲೆ ಹೂಳೆತ್ತಿದ್ದಾರೆ. ಊರಲ್ಲಿ ರಸ್ತೆ ಪಕ್ಕದ ಗಿಡಗಳೂ ಜಾಸ್ತಿಯಾಗಿವೆ. ಅರಣ್ಯ ಶೇ. 1 ಕೂಡ ಇರದಿದ್ದ ಜಿಲ್ಲೆ ಇದು, ಕೋಟಿ ವೃಕ್ಷ ಅಭಿಯಾನ ಅಂತ ಹಟ ಹಿಡಿದು ನೆಟ್ಟಿದ್ದಾರೆ. ಬಸ್ ಕಾಯುವಾಗ ಒಂದು ಬೇವಿನ ನೆರಳಲ್ಲಿ ನಿಂತವನಿಗೆ ಅದು ಯಾರು ನೆಟ್ಟದ್ದು ಅಂತ ಕೇಳುವ ಮನಸ್ಸೂ ಇರಲಿಲ್ಲ, ಅಷ್ಟು ಬಿಸಿಲು.

ಇಂಡಿ ಅಂದರೆ ನಿಂಬೆ. ಇದು ಈ ನೆಲದ್ದೇ ಬೆಳೆ ಅಂತ ಗುರುತಿಸುವ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆದರೆ ನಿಂಬೆ ಗಿಡ ಬೇಸಿಗೆಯಲ್ಲಿ ಒಣಗಿತೋ, ಏಳೆಂಟು ವರ್ಷದ ದುಡಿಮೆ ಹೋಯಿತು. ಬರದ ವರ್ಷಗಳಲ್ಲಿ ಇಲ್ಲಿಯವರು ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡಿದ್ದಾರೆ. ಮಾವನೂ ಅವರಲ್ಲಿ ಒಬ್ಬ.

ಹೊಲಕ್ಕೆ ಹೋದರೆ ಬೋರಿನ ಪಕ್ಕ ಎರಡು ಸಾಲು ಸೋಲಾರ್ ಪ್ಲೇಟ್. ರೈತರಿಗೆ ಸೋಲಾರ್ ಪಂಪ್ ಹಾಕಿಸುವ ಸರ್ಕಾರದ ಕುಸುಮ್-ಬಿ ಯೋಜನೆಯದು. ಕೇಂದ್ರ ಸರ್ಕಾರ ಶೇ. 30, ರಾಜ್ಯ ಶೇ. 50 ಕೊಡುತ್ತದೆ, ಉಳಿದ ಶೇ. 20 ರೈತ ಹಾಕಬೇಕು. ಅದಕ್ಕೂ ಅತ್ತೆಯ ಬಳೆ ಬ್ಯಾಂಕಿಗೆ ಹೋಗಿ ಬಂದಿವೆ. ಕೂರಿಸಿದ ಮೊದಲ ಬೇಸಿಗೆಯಲ್ಲೇ ಗಾಳಿಮಳೆಗೆ ಒಂದು ಸಾಲು ವಾಲಿತ್ತಂತೆ, ಸರಿಮಾಡುವವರು ಬರಲು ಒಂದು ತಿಂಗಳು ಹಿಡಿಯಿತು.

"ಬ್ಯಾಟರಿ ಎಲ್ಲಿ ಇಟ್ಟೀರಿ ಮಾವ?" ಅಂತ ಕೇಳಿದೆ. ಸೋಲಾರ್ ಅಂದರೆ ಬ್ಯಾಟರಿ ಇರಲೇಬೇಕು ಅಂತ ನನ್ನ ಪಟ್ಟಣದ ತಲೆ.

"ಬ್ಯಾಟರಿ ಮನ್ಯಾಗ ಗೂಟಕ್ಕ ನೇತಾಕೀನಿ," ಅಂದ. ನಕ್ಕು ಆದ ಮೇಲೆ ಹೊಂಡ ತೋರಿಸಿದ. "ಇದನ್ನ ಬ್ಯಾಟರಿ ಅನ್ಕೋ."

ವಿಷಯ ಇಷ್ಟೇ. ಬಿಸಿಲು ಏರಿದಂತೆ ಮೋಟರ್ ಜೋರಾಗುತ್ತದೆ, ಮೋಡ ಬಂದರೆ ಮಂಕಾಗುತ್ತದೆ. ಹಾಗಾಗಿ ನೀರನ್ನು ಸೀದಾ ಗಿಡಕ್ಕೆ ಬಿಡುವುದಿಲ್ಲ, ಹಾಳೆ ಹಾಸಿದ ಕೃಷಿ ಹೊಂಡಕ್ಕೆ ತುಂಬಿ, ಬೇಕಾದಾಗ ಡ್ರಿಪ್‌ನಲ್ಲಿ ಬಿಡುತ್ತಾರೆ. ಪ್ಲೇಟ್ ಮೇಲೆ ಕೂತ ಧೂಳು ಮಾತ್ರ ಆಗಾಗ ಒರೆಸಬೇಕು. ಅದನ್ನು ಪಕ್ಕದ ಹೊಲದ ಅಣ್ಣ-ತಮ್ಮ ಮಾಡುತ್ತಾರೆ. ಅವರಿಗೆ ಸೋಲಾರ್ ಇಲ್ಲ, ಹೊಂಡದ ನೀರಲ್ಲಿ ವಾರಕ್ಕೆ ಎರಡು ಪಾಳಿ ಅವರದು. ಲೆಕ್ಕ ಕಾಗದದಲ್ಲಿ ಇಲ್ಲ, ಮುಯ್ಯಿಯಲ್ಲಿ ಇದೆ. ಇವರ ನಿಂಬೆ ಕೀಳುವಾಗ ಅವರು ಬರುತ್ತಾರೆ, ಅವರ ತೊಗರಿ ಕೊಯ್ಯುವಾಗ ಇವರು.

ಒಂದು ಅಳುಕು ನನಗಿತ್ತು, ಕೇಳಿಯೇ ಬಿಟ್ಟೆ. ಬಿಲ್ಲೂ ಇಲ್ಲ, ರಾತ್ರಿ ಏಳುವ ಕಷ್ಟವೂ ಇಲ್ಲ ಅಂದರೆ ದಿನಾ ಮೋಟರ್ ಓಡಿಸುತ್ತೀರಿ, ಬೋರು ಬತ್ತುವುದಿಲ್ವಾ? ಮಾವ ತಕ್ಷಣ ಉತ್ತರ ಕೊಡಲಿಲ್ಲ. "ಹೊಂಡ ತುಂಬಿದ ಕೂಡ್ಲೇ ಬಂದ್ ಮಾಡ್ತೀನಿ. ಎಲ್ಲಾರೂ ಮಾಡ್ತಾರಂತ ಹೇಳಾಕ ಆಗೂದಿಲ್ಲ ನೋಡಪಾ." ಆ ಮಾತು ನನಗೆ ಪ್ಲೇಟುಗಳಿಗಿಂತ ದೊಡ್ಡದಾಗಿ ಕಂಡಿತು.

ಮನೆಯಲ್ಲಿ ಅತ್ತೆಯದು ಬೇರೆಯೇ ಕಾರ್‌ಬಾರು. ಹಿತ್ತಲಲ್ಲಿ ಹಳೆಯ ಗೋಬರ್ ಗ್ಯಾಸ್ ಇದೆ, ದಿನಕ್ಕೆ ಐವತ್ತು ಕಿಲೋದಷ್ಟು ಸೆಗಣಿ ಬೇಡುತ್ತದೆ, ನಾಲ್ಕೈದು ದನ ಇದ್ದರೆ ಸಾಕು. ಹೊರಗೆ ಬರುವ ಬಗ್ಗಡ ನಿಂಬೆ ಗಿಡದ ಬುಡಕ್ಕೆ. ಚಹಾ, ಬೇಳೆ, ಪಲ್ಯ ಎಲ್ಲ ಅದರ ಮೇಲೆಯೇ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯಲ್ಲಿ. ಯಾಕೆ ಅಂದರೆ, "ಕೆಂಡದಾಗ ಉಬ್ಬಿದ ರೊಟ್ಟಿ ತಿಂದು ಆಮ್ಯಾಲ ಮಾತಾಡು" ಅಂದಳು. ತಿಂದೆ, ಮಾತಾಡಲಿಲ್ಲ. ಶೇಂಗಾ ಹಿಂಡಿ, ಮೊಸರು, ನಾಲ್ಕನೇ ರೊಟ್ಟಿ.

ರಾತ್ರಿ ಮತ್ತೆ ಮಾಳಿಗೆ ಮೇಲೆ ಮಲಗಿದೆ. ಗಾಳಿ ತಂಪಾಗುವಷ್ಟರಲ್ಲಿ ಕೆಳಗೆ ಬಾಗಿಲು ಕಿರ್ ಅಂತು. ಮೊಬೈಲ್ ನೋಡಿದರೆ ಎರಡು ಗಂಟೆ ಹತ್ತು ನಿಮಿಷ. ಬಗ್ಗಿ ನೋಡಿದೆ, ಮಾವ ಕಟ್ಟೆ ಮೇಲೆ ಕೂತಿದ್ದ, ಬರಿಗೈಯಲ್ಲಿ.

"ಯಾಕ ಮಾವ, ನಿದ್ದಿ ಬರ್ಲಿಲ್ಲೇನ್ರಿ?"

"ಮೂವತ್ತು ವರ್ಷದ ರೂಢಿ ಐತಪಾ. ನೀ ಮಕ್ಕೋ." ತಂಬಿಗೆ ಎತ್ತಿ ನೀರು ಕುಡಿದ, ಹೊಲದ ಕಡೆ ಒಮ್ಮೆ ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.