ಗೋಡೆಯೊಳಗಿನ ಕುರಿ, ಗುಡ್ಡೆಯ ಕುರಿ

"ನಿಮ್ಮೂರಲ್ಲಿ ಎಲ್ಲರೆದುರೇ ಕುರಿ ಕುಯ್ತಾರಂತೆ, ಪೊಲೀಸರು ಹಿಡಿಯಲ್ವಾ?" ಲಂಡನ್ನಿನ ಪಕ್ಕದ ಮನೆ ಹುಡುಗಿ ಕೇಳಿದ್ದು. ಚಿಂತಾಮಣಿ ಕಡೆಯ ಹೊಸತೊಡಕಿನ, ಅಂದರೆ ಯುಗಾದಿ ಮಾರನೇ ದಿನದ ಬಾಡೂಟದ, ವಿಡಿಯೊ ನೋಡಿದ್ದಾಳೆ. ಅವಳ ಮನೆಯಲ್ಲೂ ಭಾನುವಾರ ಬಂದರೆ ಕುರಿಮರಿ ರೋಸ್ಟೇ. ಆದರೆ ಅದಕ್ಕೊಂದು ತಲೆ ಇತ್ತು ಅನ್ನೋ ಸುಳಿವು ಪ್ಯಾಕೆಟ್ಟಿನ ಮೇಲೆ ಎಲ್ಲೂ ಇಲ್ಲ.

ಈ ಲಂಡನ್ನಿನಲ್ಲೂ ಮೊದಲು ಎಲ್ಲ ಬೀದಿಯಲ್ಲೇ. ಊರ ನಡುವಿನ ಸ್ಮಿತ್‌ಫೀಲ್ಡ್ ಸಂತೆಗೆ ದನ, ಕುರಿ ಹೊಡಕೊಂಡು ಬಂದು, ಅಕ್ಕಪಕ್ಕದಲ್ಲೇ ಕಡಿಯುತ್ತಿದ್ದರು. 1855ರಲ್ಲಿ ಆ ಜಾನುವಾರು ಸಂತೆಯನ್ನು ಇಸ್ಲಿಂಗ್ಟನ್ನಿಗೆ ಎತ್ತಂಗಡಿ ಮಾಡಿದರು. ಅಷ್ಟರಲ್ಲಾಗಲೇ ದಯೆಯ ಕಾನೂನುಗಳು ಬಂದಿದ್ದವು. ದನ, ಕುರಿ, ಕುದುರೆ ಹಿಂಸಿಸಿದರೆ ಹತ್ತು ಶಿಲ್ಲಿಂಗಿನಿಂದ ಐದು ಪೌಂಡ್ ದಂಡ ಅಂತ 1822ರಲ್ಲಿ ಸಂಸದ ರಿಚರ್ಡ್ ಮಾರ್ಟಿನ್ ಕಾಯ್ದೆ ಮಾಡಿಸಿದ. 1824ರಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ಕೋಳಿಜಗಳ, ಗೂಳಿ ಮೇಲೆ ನಾಯಿ ಬಿಡೋ ಆಟ 1835ರಲ್ಲೇ ನಿಷೇಧವಾದವು. ಸಾಹುಕಾರರ ನರಿಬೇಟೆಗೆ ತಡೆ ಬಿದ್ದದ್ದು 2004ರ ಕಾಯ್ದೆಯಿಂದ. ದಯೆ ದೊಡ್ಡಮನೆ ಮೆಟ್ಟಿಲು ಹತ್ತೋಕೆ 169 ವರ್ಷ! ಕೊಯ್ಯೋದನ್ನೆಲ್ಲ ಗೋಡೆಯೊಳಗೆ ಸೇರಿಸಿದ ಮೇಲೆ, ಒಳಗೇನು ನಡೀತಿದೆ ಅಂತ ನೋಡೋಕೆ 2018ರಲ್ಲಿ ಇಂಗ್ಲೆಂಡಿನ ಕಸಾಯಿಖಾನೆಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಬೇಕಾಯಿತು.

ನಮ್ಮ ಗುಡ್ಡೆಮಾಂಸದಲ್ಲಿ ಮುಚ್ಚುಮರೆ ಇಲ್ಲ. ಹತ್ತು ಮನೆಯವರು ದುಡ್ಡು ಹಾಕಿ ಕುರಿ ತಂದರೆ ಹಾಸಿದೆಲೆ ಮೇಲೆ ಹತ್ತು ಗುಡ್ಡೆ. ತೊಡೆ, ಪಕ್ಕೆ, ಲಿವರ್, ಕೊಬ್ಬು ಎಲ್ಲ ಗುಡ್ಡೆಗೂ ಚೂರುಚೂರು ಬೀಳಲೇಬೇಕು, ಇಲ್ಲದಿದ್ದರೆ ಅಲ್ಲೇ ಜಗಳ. ತಲೆ, ಕಾಲು ಬೇರೆ ಲೆಕ್ಕ. ರಕ್ತ ಲಾಕಿಗೆ, ಅಂದರೆ ರಕ್ತದ ಪಲ್ಯಕ್ಕೆ. ಪಿತ್ತದ ಚೀಲ ಮಾತ್ರ ಹುಷಾರಾಗಿ ಬಿಡಿಸಬೇಕು. ಒಡೆದರೆ ಲಿವರ್ರೆಲ್ಲ ಕಹಿ.

ಹಾಗಂತ ನಮ್ಮದೇ ಸರಿ ಅನ್ನೋಕಾಗಲ್ಲ. ರಾಜ್ಯದ 1959ರ ಕಾಯ್ದೆ ಗುಡಿಯ ಆವರಣದಲ್ಲಿ ಬಲಿ ಬೇಡ ಅನ್ನುತ್ತೆ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಂ, ಧರ್ಮದ ರೀತಿಯಲ್ಲಿ ಕೊಂದರೆ ಈ ಕಾಯ್ದೆಯಡಿ ಅಪರಾಧವಲ್ಲ ಅನ್ನುತ್ತೆ. ಇವೆರಡರ ನಡುವೆ ಮಾರಿಹಬ್ಬದ ಕುರಿ ಗುಡಿ ಮುಂದಿನಿಂದ ಹೊಲದ ಬದುವಿಗೆ ಸರಿಯಿತು, ಅಷ್ಟೆ. ಪ್ರಾಣಿಹಿಂಸೆಗೆ ಮೊದಲ ಸಲದ ದಂಡ ಇವತ್ತಿಗೂ ಹತ್ತರಿಂದ ಐವತ್ತು ರೂಪಾಯಿ. ಅರ್ಧ ಕೋಳಿಯೂ ಬರಲ್ಲ.

ಕೇಂದ್ರದ 2001ರ ಕಸಾಯಿಖಾನೆ ನಿಯಮ ಚೆನ್ನಾಗಿದೆ: ಗಬ್ಬದ ಪ್ರಾಣಿ ಕೊಯ್ಯಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಹೊಸತೊಡಕಿನ ಬೆಳಗ್ಗೆ ನಮ್ಮಲ್ಲಿ ಸಾಲಾಗಿ ಕಟ್ಟಿದ ಕುರಿಗಳ ಮುಂದೆಯೇ ಮೊದಲನೆಯದು ಬೀಳುತ್ತೆ.

ಇದರಲ್ಲಿ ತಿನ್ನೋರಿಗೂ ನಷ್ಟವಿದೆ. ಸಂತೆಯಿಂದ ಟೆಂಪೊದಲ್ಲಿ ಒತ್ತಿಸಿಕೊಂಡು, ಹೆದರಿ ದಣಿದು ಬಂದ ಕುರಿಯ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಖಾಲಿಯಾಗಿರುತ್ತೆ. ಕೊಯ್ದ ಮೇಲೆ ಆ ಸಕ್ಕರೆಯಿಂದ ಆಗಬೇಕಾದ ಲ್ಯಾಕ್ಟಿಕ್ ಆಮ್ಲ ಸಾಲದೆ, 5.5ರ ಹತ್ತಿರ ಇಳಿಯಬೇಕಾದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ರ ಮೇಲೇ ನಿಲ್ಲುತ್ತೆ. ಮಾಂಸ ಕಪ್ಪಾಗಿ, ಬಿರುಸಾಗಿ, ಬೇಗ ಕೆಡುತ್ತೆ. ಮುಂಚಿತವಾಗೇ ತಂದು, ಮೇವು ನೀರು ಕೊಟ್ಟು ನೆರಳಲ್ಲಿ ಸುಧಾರಿಸಿಕೊಳ್ಳಲು ಬಿಡಿ. ಕೊಯ್ಯೋ ಕಡೆಗೆ ಅಡ್ಡಲಾಗಿ ಒಂದು ಟಾರ್ಪಾಲು ಕಟ್ಟಿ. ರಾಗಿ ಒಣಗಿಸೋಕೆ ಹೇಗೂ ಮನೆಮನೆಯಲ್ಲೂ ಇದೆಯಲ್ಲ.