ವಿಮಾನದೊಳಗಿನ ನೀರು

ಆಗಸ್ಟ್ 3, 2024, ಶನಿವಾರ
ಚೇರಂಬಾಣೆ, ಕೊಡಗು

ಸೋಮವಾರ ಬೆಳಿಗ್ಗೆ ಡ್ರಾಯಿಂಗ್‌ಗಳ ಪರಿಶೀಲನೆ ಇದೆ. ಹಾಗಾಗಿ ಶನಿವಾರವೂ ಕೆಲಸವೇ. ವಿಮಾನದ ಹೆಸರಾಗಲಿ ಗ್ರಾಹಕರ ಹೆಸರಾಗಲಿ ಇಲ್ಲಿ ಬರೆಯುವಂತಿಲ್ಲ. ಎರಡು ಎಂಜಿನ್‌ಗಳ ಒಂದು ಸಣ್ಣ ವಿಮಾನ ಎಂದುಕೊಳ್ಳಿ. ಅದರ ಮೂತಿಯ ಭಾಗದಲ್ಲಿ ಕೂರುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಲ್ಲಿಂದ ಪೈಲಟ್ ಮುಂದಿನ ಪರದೆಗಳವರೆಗೆ ಹೋಗುವ ವೈರುಗಳ ಕಟ್ಟು. ಈ ಕಟ್ಟಿಗೆ ನಮ್ಮಲ್ಲಿ ಹಾರ್ನೆಸ್ ಎನ್ನುತ್ತಾರೆ. 28 ವೋಲ್ಟ್ ಡಿಸಿ ಒಳಗೆ ಬರುತ್ತದೆ, ಅರಿಂಕ್ 429 (ವಿಮಾನದ ಉಪಕರಣಗಳು ಪರಸ್ಪರ ಮಾಹಿತಿ ಕಳಿಸುವ ಒಂದು ಗೊತ್ತಾದ ಕ್ರಮ) ಜೋಡಿ ವೈರುಗಳಲ್ಲಿ ಮಾಹಿತಿ ಹೊರಗೆ ಹೋಗುತ್ತದೆ. ವಿದ್ಯುತ್ತಿನ ಲೆಕ್ಕವೆಲ್ಲ ಆಗಲೇ ಮುಗಿದಿದೆ. ಇವತ್ತು ದಿನವಿಡೀ ಕಾಡಿದ್ದು ನೀರು.

ಗ್ರಾಹಕರು ಕಳಿಸಿದ ಕರಡು ಸ್ಪೆಸಿಫಿಕೇಶನ್‌ನಲ್ಲಿ ಒಂದು ವಾಕ್ಯವಿತ್ತು: ‘ಉಪಕರಣವು ತೇವಾಂಶವನ್ನು ಸಮರ್ಪಕವಾಗಿ ತಡೆದುಕೊಳ್ಳಬೇಕು.’ ಓದಲು ಚೆನ್ನಾಗಿದೆ. ಆದರೆ ಪರೀಕ್ಷಾಲಯದಲ್ಲಿ ನಿಂತವನು ಇದನ್ನು ಹಿಡಿದುಕೊಂಡು ಏನು ಮಾಡಬೇಕು? ಎಷ್ಟು ತೇವ, ಎಷ್ಟು ಬಿಸಿ, ಎಷ್ಟು ಹೊತ್ತು, ಆಮೇಲೆ ಏನನ್ನು ಅಳೆಯಬೇಕು? ಇಂಥ ವಾಕ್ಯಕ್ಕೆ ಯಾರು ಬೇಕಾದರೂ ಸಹಿ ಹಾಕಬಹುದು, ಜಗಳ ಬಂದಾಗ ಯಾರು ಬೇಕಾದರೂ ಜಾರಿಕೊಳ್ಳಬಹುದು. ಅದನ್ನು ತೆಗೆದು, ಡಿಒ-160ರ ಆರನೇ ವಿಭಾಗ, ಬಿ ವರ್ಗ ಎಂದು ಬರೆದೆ. ವಿಮಾನದ ಉಪಕರಣಗಳನ್ನು ಬಿಸಿ, ಚಳಿ, ಕಂಪನ, ಮಿಂಚು ಎಲ್ಲದಕ್ಕೂ ಒಡ್ಡಿ ನೋಡುವ ಕ್ರಮವನ್ನು ಹೇಳುವ ಮಾನದಂಡ ಅದು. ಬಿ ವರ್ಗ ಎಂದರೆ ಪೆಟ್ಟಿಗೆಯನ್ನು 65 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ, ಶೇ 95ರ ಆರ್ದ್ರತೆಯಲ್ಲಿ, ಹತ್ತು ಆವರ್ತನಗಳ ಕಾಲ, ಒಟ್ಟು 240 ಗಂಟೆ ಬೇಯಿಸುವುದು. ಹೊರತೆಗೆದ ಮೇಲೆ ಮೇಲಿನ ನೀರನ್ನು ಬಸಿಯಲು ಬಿಡಬಹುದು, ಬಟ್ಟೆಯಿಂದ ಒರೆಸುವಂತಿಲ್ಲ. ಆ ಒಂದು ನಿಯಮ ಬರೆದವರ ಮೇಲೆ ನನಗೆ ಗೌರವ. ಯಾರೋ ಒಬ್ಬ ಒರೆಸಿಯೇ ಒರೆಸುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಅದೇ ಮಾನದಂಡದ ಹದಿಮೂರನೇ ವಿಭಾಗ ಬೂಷ್ಟಿನದು. ಉಪಕರಣದ ಮೇಲೆ ಶಿಲೀಂಧ್ರದ ಬೀಜಾಣುಗಳನ್ನು ಸಿಂಪಡಿಸಿ 28 ದಿನ ಬೆಚ್ಚಗೆ, ತೇವವಾಗಿ ಇಡುವುದು. ಬೆಂಗಳೂರಿನ ಸಹೋದ್ಯೋಗಿಗಳಿಗೆ ಅದೊಂದು ವಿಚಿತ್ರ ಪರೀಕ್ಷೆಯಾಗಿ ಕಾಣುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಮನೆಗೆ ಬಂದು ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು, ಕ್ಯಾಮೆರಾದ ಲೆನ್ಸು, ಮದುವೆಗೆಂದು ಕೊಂಡ ಷೂ ನೋಡಿದರೆ ಹಾಗನ್ನಿಸಲಿಕ್ಕಿಲ್ಲ.

ಆಕಾಶದಲ್ಲಿ ಮಳೆಯ ಮೇಲೆ ಹಾರುವ ವಿಮಾನದ ಒಳಗೆ ನೀರು ಎಲ್ಲಿಂದ ಬರುತ್ತದೆ ಎಂದು ಅಪ್ಪ ಒಮ್ಮೆ ಕೇಳಿದ್ದರು. ಸರಿಯಾದ ಪ್ರಶ್ನೆ. ಬರುವುದು ಒಳಗಿನಿಂದಲೇ. 36,000 ಅಡಿ ಎತ್ತರದಲ್ಲಿ ಹೊರಗೆ ಸುಮಾರು ಮೈನಸ್ 56 ಡಿಗ್ರಿ. ಒಳಗೆ ಕೂತವರ ಉಸಿರಿನ ತೇವ, ತಣ್ಣಗಾದ ಲೋಹದ ಹೊದಿಕೆಗೆ ತಾಗಿ ಹನಿಯಾಗುತ್ತದೆ, ಕೆಲವೆಡೆ ಹೆಪ್ಪುಗಟ್ಟುತ್ತದೆ. ವಿಮಾನ ಕೆಳಗಿಳಿಯುತ್ತಿದ್ದಂತೆ ಕರಗಿ ತೊಟ್ಟಿಕ್ಕುತ್ತದೆ. ಇದರ ಜೊತೆಗೆ ಅಡುಗೆಕೋಣೆಯ ನೀರು, ಶೌಚಾಲಯದ ನೀರು. ಇವೆಲ್ಲದರ ಕೆಳಗೆ, ನೆಲಹಾಸಿನ ಅಡಿಯಲ್ಲಿ, ನಮ್ಮ ಪೆಟ್ಟಿಗೆಗಳು.

2008ರ ಜನವರಿ 7ರಂದು ಲಂಡನ್‌ನಿಂದ ಬ್ಯಾಂಕಾಕ್‌ಗೆ ಬರುತ್ತಿದ್ದ ಕ್ವಾಂಟಾಸ್‌ನ ಬೋಯಿಂಗ್ 747ರಲ್ಲಿ ಆದದ್ದು ಅದೇ. ನೀರು ಹೊರಹೋಗುವ ಕೊಳವೆ ಮಂಜುಗಟ್ಟಿ ಕಟ್ಟಿಕೊಂಡಿತು, ಅಡುಗೆಕೋಣೆಯ ನೀರು ಉಕ್ಕಿ ನೆಲದ ಮೂಲಕ ಕೆಳಗಿನ ವಿದ್ಯುತ್ ಕೋಣೆಗೆ ಇಳಿಯಿತು. ಅಲ್ಲಿದ್ದ ಜನರೇಟರ್ ನಿಯಂತ್ರಕಗಳು ನೆನೆದು, ವಿಮಾನಕ್ಕೆಲ್ಲ ವಿದ್ಯುತ್ ಹಂಚುವ ನಾಲ್ಕು ಎಸಿ ಬಸ್‌ಗಳ ಪೈಕಿ ಮೂರು ಸತ್ತವು. 365 ಜನರಿದ್ದ ವಿಮಾನ ಬ್ಯಾಂಕಾಕ್‌ಗೆ ತೀರ ಹತ್ತಿರದಲ್ಲಿದ್ದುದರಿಂದ ಕ್ಷೇಮವಾಗಿ ಇಳಿಯಿತು. ಇದೇ ಘಟನೆ ಸಾಗರದ ನಡುವೆ ಆಗಿದ್ದರೆ ಎಂದು ಯೋಚಿಸಿದರೆ ಊಟ ಸೇರುವುದಿಲ್ಲ.

ಮರು ತಿಂಗಳೇ, ಫೆಬ್ರವರಿ 23ರಂದು, ಗುವಾಮ್ ದ್ವೀಪದಲ್ಲಿ ಅಮೆರಿಕದ ಬಿ-2 ಬಾಂಬರ್ ವಿಮಾನವೊಂದು ನೆಲ ಬಿಟ್ಟ ಕೂಡಲೇ ಬಿದ್ದು ಸುಟ್ಟುಹೋಯಿತು. ಪೈಲಟ್‌ಗಳಿಬ್ಬರೂ ಹೊರಗೆ ಚಿಮ್ಮಿ ಬದುಕಿದರು. ಹೋದ ವಿಮಾನದ ಬೆಲೆ ಸುಮಾರು 140 ಕೋಟಿ ಡಾಲರ್. ಗಾಳಿಯ ಒತ್ತಡ ಅಳೆಯುವ 24 ಸಂವೇದಕಗಳ ಪೈಕಿ ಮೂರರಲ್ಲಿ ತೇವ ಸೇರಿತ್ತು. ತೇವ ಇರುವಾಗಲೇ ಅವನ್ನು ಸರಿದೂಗಿಸಿದರು. ಆಮೇಲೆ ತೇವ ಆರಿತು, ಸರಿದೂಗಿಸಿದ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು, ಕಂಪ್ಯೂಟರ್ ತಪ್ಪು ವೇಗವನ್ನು ನಂಬಿತು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕುಟುಕುವುದು ಬೇರೆ ಸಂಗತಿ. ಸರಿದೂಗಿಸುವ ಮೊದಲು ಸಂವೇದಕದ ಹೀಟರ್ ಹಾಕಿ ತೇವ ಆರಿಸಿಕೊಳ್ಳಬೇಕು ಎಂಬುದು ಅಲ್ಲಿ ಕೆಲವರಿಗೆ ಮೊದಲೇ ಗೊತ್ತಿತ್ತು. ಬಾಯಿಂದ ಬಾಯಿಗೆ ಗೊತ್ತಿತ್ತು. ಕೈಪಿಡಿಯಲ್ಲಿ ಇರಲಿಲ್ಲ.

ಬೆಳಿಗ್ಗೆ ತಂಡದ ಕಿರಿಯ ಹುಡುಗನ ಜೊತೆ ಫೋನಿನಲ್ಲಿ ವಾದವಾದದ್ದೂ ಇದರ ಮೇಲೆಯೇ. ಪೆಟ್ಟಿಗೆಯ ಮುಖ್ಯ ಕನೆಕ್ಟರ್‌ಗೆ ಹಾರ್ನೆಸ್ ಮೇಲಿನಿಂದ ಇಳಿದು ಬರುತ್ತದೆ. ಮೇಲಿನಿಂದ ಬರುವ ವೈರು ನೀರಿಗೂ ದಾರಿ. ಹಾಗಾಗಿ ಕನೆಕ್ಟರ್‌ಗಿಂತ ಸ್ವಲ್ಪ ಕೆಳಗೆ ಇಳಿಸಿ, ಬಾಗಿಸಿ, ಮತ್ತೆ ಮೇಲಕ್ಕೆ ತಂದು ಜೋಡಿಸಬೇಕು. ಹನಿ ಆ ಬಾಗಿನ ತಳದಿಂದ ಕೆಳಗೆ ಬೀಳುತ್ತದೆ, ಪಿನ್‌ಗಳವರೆಗೆ ಏರುವುದಿಲ್ಲ. ಮನೆಗೆ ಕಂಬದಿಂದ ಬರುವ ಸರ್ವಿಸ್ ವೈರನ್ನು ಲೈನ್‌ಮ್ಯಾನ್ ಗೋಡೆಯ ತೂತಿನ ಹತ್ತಿರ ಜೋತುಬಿಟ್ಟಿರುತ್ತಾನಲ್ಲ, ಅದೇ ಉಪಾಯ. ಡ್ರಾಯಿಂಗ್‌ನಲ್ಲಿ ಆ ಬಾಗು ಇರಲಿಲ್ಲ.

‘ಮೇಡಂ, ಅದನ್ನೂ ಬರೆಯಬೇಕಾ? ವೈರಿಂಗ್ ಮಾಡುವವರಿಗೆ ಇದೆಲ್ಲ ಗೊತ್ತಿರುತ್ತದೆ’ ಎಂದ.

‘ಗೊತ್ತಿರುತ್ತದೆ. ಆದರೆ ವೈರು ಸಾಲಬೇಕಲ್ಲ’ ಎಂದೆ.

ಹಾರ್ನೆಸ್ ತಯಾರಾಗುವುದು ವಿಮಾನದೊಳಗಲ್ಲ. ಅದರ ನಕ್ಷೆಯನ್ನು ನಿಜ ಅಳತೆಯಲ್ಲಿ, ಒಂದಕ್ಕೆ ಒಂದರಂತೆ ಮುದ್ರಿಸಿ ಹಲಗೆಯ ಮೇಲೆ ಹಾಸುತ್ತಾರೆ, ತಿರುವುಗಳಲ್ಲಿ ಮೊಳೆ ಹೊಡೆಯುತ್ತಾರೆ, ಮೊಳೆಗಳ ನಡುವೆ ವೈರು ಎಳೆದು ಅಲ್ಲಿಯೇ ಕತ್ತರಿಸಿ, ಪಿನ್ ಹಾಕಿ, ದಾರದಿಂದ ಬಿಗಿಯುತ್ತಾರೆ. ಆ ಹಲಗೆಯ ಮುಂದೆ ಕೂತ ಕೈಗೆ ವಿಮಾನ ಕಾಣುವುದಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂಬುದೂ ಗೊತ್ತಿರುವುದಿಲ್ಲ; ಎಲ್ಲವೂ ಚಪ್ಪಟೆ. ನಕ್ಷೆಯಲ್ಲಿ ಬಾಗಿಗೆ ಬೇಕಾದ ಉದ್ದ ಇಲ್ಲದಿದ್ದರೆ ವೈರು ಬಿಗಿಯಾಗಿ, ನೆಟ್ಟಗೆ, ನೋಡಲು ಬಹಳ ಅಚ್ಚುಕಟ್ಟಾಗಿ ತಯಾರಾಗುತ್ತದೆ. ಆಮೇಲೆ ಅದನ್ನು ವಿಮಾನದಲ್ಲಿ ಜೋಡಿಸುವ ಅನುಭವಸ್ಥನಿಗೆ ಬಾಗು ಬೇಕು ಎಂದು ಗೊತ್ತಿದ್ದೂ ಏನೂ ಮಾಡಲಾಗುವುದಿಲ್ಲ. ಏರ್‌ಬಸ್ ಎ380 ತಡವಾದ ಕಾರಣಗಳಲ್ಲಿ ವೈರಿನ ಉದ್ದವೂ ಒಂದು. ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಟುಲೂಸ್‌ನವರು ಒಂದೇ ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿ ಬಳಸುತ್ತಿದ್ದರು, 2006ರಲ್ಲಿ ಜೋಡಣೆಗೆ ಬಂದಾಗ ಹಾರ್ನೆಸ್‌ಗಳು ಹೊಂದಲಿಲ್ಲ.

ಹುಡುಗ ಚುರುಕು, ಒಪ್ಪಿಕೊಂಡ. ಮಧ್ಯಾಹ್ನದೊಳಗೆ ಬಾಗು ಸೇರಿಸಿ, ಅದರ ತಳ ಕನೆಕ್ಟರ್‌ನ ಕೆಳಅಂಚಿಗಿಂತ ಎಷ್ಟು ಕೆಳಗಿರಬೇಕು ಎಂಬ ಅಳತೆ ಹಾಕಿ, ವಿಮಾನದ ಮೇಲ್ದಿಕ್ಕು ತೋರಿಸುವ ಬಾಣವನ್ನೂ ಎಳೆದು ಕಳಿಸಿದ. ಬಾಣ ನಾನು ಹೇಳಿದ್ದಲ್ಲ, ಅವನಿಗೇ ಹೊಳೆದದ್ದು. ವೈರುಗಳನ್ನು ಒಳಗೊಂಡ ಕೊಳವೆಯಂಥ ಹೊದಿಕೆಯ ತೀರ ತಗ್ಗಿನ ಜಾಗದಲ್ಲಿ ನೀರು ಬಸಿಯಲು ಎಂಟನೇ ಒಂದು ಇಂಚಿನ ತೂತನ್ನೂ ಗುರುತಿಸಿದ್ದ.

ಇಷ್ಟರಲ್ಲಿ ಕರೆಂಟ್ ಹೋಯಿತು. ಅಡುಗೆಮನೆಯಿಂದ ಅಮ್ಮ, ‘ಏ ಕೂಸೇ, ಇನ್ನಾದರೂ ಏಳು, ಪಾಯಸ ಆರುತ್ತಿದೆ’ ಎಂದು ಕೂಗಿದರು. ಇವತ್ತು ಆಟಿ ಹದಿನೆಂಟು, ಆಟಿ ತಿಂಗಳ ಹದಿನೆಂಟನೇ ದಿನ. ಕೊಡವರ ಮನೆಗಳಲ್ಲಿ ಕಕ್ಕಡ ಹದಿನೆಂಟು. ಮದ್ದು ಸೊಪ್ಪನ್ನು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಮಾಡುವ ಪಾಯಸ. ವಾಸನೆ ಹಿಡಿಸದವರು ಮೂಗು ಮುಚ್ಚಿಕೊಂಡು ತಿನ್ನುತ್ತಾರೆ, ನಾನು ಎರಡು ಸಲ ಹಾಕಿಸಿಕೊಳ್ಳುವವಳು. ಅಪ್ಪ ಊಟಕ್ಕೆ ಕೂರುವ ಮೊದಲು ಮಳೆಯ ಪುಸ್ತಕ ತೆಗೆದು ಬೆಳಗಿನ ಲೆಕ್ಕ ಬರೆದರು, ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ), ಕಾಫಿ ಬೆಳೆಗಾರರ ಪದ್ಧತಿಯಂತೆ. ಪಕ್ಕದ ಮನೆಯ ಮಾವ ಬಂದಿದ್ದರು. ನನ್ನ ಕೆಲಸದ ಬಗ್ಗೆ ಅವರು ಪ್ರತಿ ಸಲ ಕೇಳುವುದು ಒಂದೇ: ‘ನೀನು ಹಾರಿಸುವುದು ಯಾವಾಗ?’ ಕೊಡಗಿನವರಿಗೆ ವಿಮಾನವೆಂದರೆ ಅದನ್ನು ಹಾರಿಸಿದವರೇ ನೆನಪಾಗುವುದು ಸಹಜ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಶತ್ರುಗಳ ಎಫ್-104 ಅನ್ನು ಹೊಡೆದುರುಳಿಸಿ, ತಾವೂ ಮರಳಲಿಲ್ಲ. ಅವರ ಹೋರಾಟದ ವಿವರ ನಮ್ಮ ಕಡೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಾವನಿಗೆ ಹಾರ್ನೆಸ್ ಹಲಗೆಯ ವಿಷಯ ಹೇಳಿದೆ. ಮೊಳೆ ಹೊಡೆಯುತ್ತಾರೆ ಎಂದಾಗ ಅವರಿಗೆ ನನ್ನ ಕೆಲಸದ ಮೇಲಿದ್ದ ಗೌರವ ಸ್ವಲ್ಪ ಇಳಿದಂತೆ ಕಂಡಿತು.

ಊಟದ ನಂತರ ಕನೆಕ್ಟರ್ ಪಟ್ಟಿ ಹಿಡಿದೆ. 38999 ಸರಣಿಯ ದುಂಡನೆಯ ಕನೆಕ್ಟರ್, 22ಡಿ ಅಳತೆಯ ಪಿನ್‌ಗಳು. ಹಿಂಬದಿಯಲ್ಲಿ ರಬ್ಬರಿನಂಥ ಒಂದು ಬಿಲ್ಲೆ ಇರುತ್ತದೆ, ಪ್ರತಿ ವೈರೂ ಅದರ ಒಂದೊಂದು ತೂತಿನ ಮೂಲಕ ಒಳಹೋಗುತ್ತದೆ. ನೀರನ್ನು ತಡೆಯುವುದು ಆ ತೂತಿನ ಬಿಗಿತ. ಅದು ಬಿಗಿ ಹಿಡಿಯುವುದು ವೈರಿನ ಹೊರವ್ಯಾಸ 0.76ರಿಂದ 1.37 ಮಿಲಿಮೀಟರ್ ಒಳಗಿದ್ದರೆ ಮಾತ್ರ. ತೂಕ ಉಳಿಸುವ ಆಸೆಯಿಂದ ತೆಳು ಹೊದಿಕೆಯ, ತೀರ ಸಣ್ಣ ವೈರು ಹಾಕಿದರೆ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಮೇಜಿನ ಮೇಲಿನ ಎಲ್ಲ ಪರೀಕ್ಷೆಯಲ್ಲೂ ಪಾಸು, ಆದರೆ ಬಿಲ್ಲೆಗೂ ವೈರಿಗೂ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ನೀರಿಗೆ ಅಷ್ಟು ಸಾಕು. ಆದ್ದರಿಂದ ಪಟ್ಟಿಯಲ್ಲಿ ವೈರಿನ ಗೇಜ್ ಪಕ್ಕದಲ್ಲಿ ಹೊರವ್ಯಾಸದ ಕಾಲಮ್ ಒಂದನ್ನು ಸೇರಿಸಿದೆ. ಬಳಸದೆ ಬಿಟ್ಟ ತೂತುಗಳಿಗೆಲ್ಲ ಸೀಲಿಂಗ್ ಪ್ಲಗ್ ಹಾಕಬೇಕೆಂಬ ಟಿಪ್ಪಣಿ ಮೊದಲೇ ಇತ್ತು, ಆದರೆ ಸಾಮಗ್ರಿಗಳ ಪಟ್ಟಿಯಲ್ಲಿ ಪ್ಲಗ್ಗೇ ಇರಲಿಲ್ಲ. ಟಿಪ್ಪಣಿಯಲ್ಲಿದ್ದು ಪಟ್ಟಿಯಲ್ಲಿಲ್ಲದ ವಸ್ತುವನ್ನು ಯಾರೂ ಖರೀದಿಸುವುದಿಲ್ಲ.

ಇಂಥ ಬದಲಾವಣೆಗಳಿಂದ ಡ್ರಾಯಿಂಗ್ ‘ಬಿ’ ಪರಿಷ್ಕರಣೆಯಿಂದ ‘ಸಿ’ಗೆ ಏರಿತು. ಪರಿಷ್ಕರಣೆಯ ಅಕ್ಷರಗಳಲ್ಲಿ ಐ, ಓ, ಕ್ಯೂ, ಎಸ್, ಎಕ್ಸ್, ಝೆಡ್ ಬಳಸುವುದಿಲ್ಲ. ಒಂದೋ ಅಂಕಿಯಂತೆ ಕಾಣುತ್ತವೆ, ಇಲ್ಲವೇ ಒಂದರಂತೆ ಇನ್ನೊಂದು. ಮಸುಕಾದ ಪ್ರತಿಯನ್ನು ಕತ್ತಲ ಮೂಲೆಯಲ್ಲಿ ಓದುವವನ ನೆನಪಿಟ್ಟುಕೊಂಡು ಮಾಡಿದ ನಿಯಮ.

ಕರೆಂಟ್ ಬಂದ ಮೇಲೆ ಸರ್ಕ್ಯೂಟ್ ಬೋರ್ಡಿನ ಲೇಪನದ ಡ್ರಾಯಿಂಗ್. ತೇವ ತಡೆಯಲು ಬೋರ್ಡಿಗೆ ಅಕ್ರಿಲಿಕ್ ಲೇಪನ, ದಪ್ಪ 0.03ರಿಂದ 0.13 ಮಿಲಿಮೀಟರ್. ಇಲ್ಲಿ ಲೇಪನ ಎಲ್ಲಿ ಬೇಕು ಎನ್ನುವುದಕ್ಕಿಂತ ಎಲ್ಲಿ ಬೇಡ ಎನ್ನುವುದೇ ದೊಡ್ಡ ಕೆಲಸ. ಕನೆಕ್ಟರ್ ಪಿನ್, ಪರೀಕ್ಷಾ ಬಿಂದುಗಳು, ಪೆಟ್ಟಿಗೆಗೆ ಗ್ರೌಂಡ್ ಆಗುವ ಸ್ಕ್ರೂ ಜಾಗ, ಇವೆಲ್ಲವನ್ನೂ ಗೆರೆ ಹೊಡೆದು ಮುಚ್ಚಿ ತೋರಿಸಬೇಕು. ಗ್ರೌಂಡಿನ ಜಾಗಕ್ಕೆ ಲೇಪನ ಹರಿದರೆ ಮಿಂಚಿನ ಪರೀಕ್ಷೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಲೇಪನದಲ್ಲಿ ನೇರಳಾತೀತ ದೀಪಕ್ಕೆ ಹೊಳೆಯುವ ಬಣ್ಣ ಬೆರೆತಿರಬೇಕು ಎಂದೂ ಸೇರಿಸಿದೆ, ಇಲ್ಲವಾದರೆ ತಪಾಸಣೆ ಮಾಡುವವರು ಬರಿಗಣ್ಣಿನಲ್ಲಿ ಏನನ್ನು ನೋಡುತ್ತಾರೆ?

ಉಳಿದದ್ದು ಬೂಷ್ಟಿನ ಪರೀಕ್ಷೆ. ಒಳಗಿರುವ ಯಾವ ವಸ್ತುವೂ ಶಿಲೀಂಧ್ರಕ್ಕೆ ಆಹಾರವಲ್ಲ ಎಂದು ದಾಖಲೆಯಿಂದ ತೋರಿಸಿಕೊಟ್ಟರೆ 28 ದಿನದ ಪರೀಕ್ಷೆಯನ್ನು ಬಿಡಬಹುದು. ಸಮಯವೂ ಹಣವೂ ಉಳಿಯುತ್ತವೆ. ಅಲ್ಯೂಮಿನಿಯಂ ಸರಿ, ವೈರಿನ ಹೊದಿಕೆ ಸರಿ, ಕಟ್ಟುವ ದಾರ ಹತ್ತಿಯದಲ್ಲ, ಪಾಲಿಯೆಸ್ಟರ್, ಅದೂ ಸರಿ. ಒಂದೊಂದಕ್ಕೂ ಪತ್ರ ಹುಡುಕಿ ಪಟ್ಟಿ ಮಾಡುತ್ತಾ ಹೋದೆ. ಕೊನೆಗೆ ಸಿಕ್ಕಿಬಿದ್ದದ್ದು ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸುವ ಎಚ್ಚರಿಕೆಯ ಚೀಟಿ. ಚೀಟಿಯ ಹಾಳೆಗೆ ಪತ್ರವಿದೆ, ಅದರ ಅಂಟಿಗೆ ಇಲ್ಲ. ಮಾರಾಟಗಾರರಿಗೆ ಮಿಂಚಂಚೆ ಕಳಿಸಿದ್ದೇನೆ. ಸೋಮವಾರದೊಳಗೆ ಉತ್ತರ ಬರದಿದ್ದರೆ ಚೀಟಿಯನ್ನೇ ತೆಗೆದು, ಅಕ್ಷರಗಳನ್ನು ಲೋಹದ ಮೇಲೆ ಕೊರೆಸುವಂತೆ ಡ್ರಾಯಿಂಗ್ ತಿದ್ದುವುದು.